ಎಣ್ಣೆ ಒರೆಸುವವನಿಗೆ ಶಿಫಾರಸು ಪತ್ರ ಕೊಡಲೇ?

ಉಡುಪಿಯ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರ ಪತ್ರದ ಸಾರ ಇದು: "ಆಫ್ರಿಕಾದ ಬಂದರುಗಳಲ್ಲಿ ನಿಂತು ಉಚಿತವಾಗಿ ಆಪರೇಷನ್ ಮಾಡುವ ಮರ್ಸಿ ಶಿಪ್ಸ್ ಎಂಬ ಕ್ರೈಸ್ತ ಸಂಸ್ಥೆಯ ಹಡಗುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮರ್ಚೆಂಟ್ ನೇವಿಯಲ್ಲಿ ಮೋಟರ್‌ಮ್ಯಾನ್, ಅಂದರೆ ಇಂಜಿನ್ ರೂಮಿನ ಕೆಲಸಗಾರ. ಒಳ್ಳೆಯ ಸಂಬಳ ಬಿಟ್ಟು ಆ ಹಡಗಿಗೆ ಹೋಗುತ್ತಾನಂತೆ. ಅಲ್ಲಿ ಸಂಬಳವಿಲ್ಲ, ಊಟ ವಸತಿಗೆ ತಾನೇ ತಿಂಗಳು ತಿಂಗಳು ದುಡ್ಡು ಕಟ್ಟಬೇಕಂತೆ! ಡಾಕ್ಟರು, ನರ್ಸು ಹೋದರೆ ಸೇವೆ ಎನ್ನೋಣ. ಇಂಜಿನ್ ರೂಮಿನಲ್ಲಿ ಎಣ್ಣೆ ಒರೆಸುವುದರಲ್ಲಿ ಎಂಥ ಸೇವೆ? ಹಡಗಿಗೆ ಸುರಿಯುವ ದುಡ್ಡಿನಲ್ಲಿ ನೆಲದ ಮೇಲೊಂದು ಆಸ್ಪತ್ರೆ ಕಟ್ಟಬಾರದೇ? ಇದೆಲ್ಲ ಕೊನೆಗೆ ಮತಾಂತರಕ್ಕೆ ತಾನೇ ಎನ್ನುವವರೂ ಇದ್ದಾರೆ. ಹುಡುಗ ಶಿಫಾರಸು ಪತ್ರ ಕೇಳಿದ್ದಾನೆ. ಕೊಡಲೋ ಬೇಡವೋ?"

ಕೊಡಿ ಮೇಷ್ಟ್ರೇ. ಅಷ್ಟು ಹೇಳಿ ಮುಗಿಸಬಹುದಿತ್ತು. ಆದರೆ "ಎಣ್ಣೆ ಒರೆಸುವುದು" ಎಂದುಬಿಟ್ಟಿರಲ್ಲ, ಅದಕ್ಕೆ ಸುಮ್ಮನಿರಲಾರೆ.

ಆಸ್ಪತ್ರೆಯ ಪ್ರಶ್ನೆ ನ್ಯಾಯವಾದದ್ದೇ. ಹಡಗು ಒಂದು ಬಂದರಿನಲ್ಲಿ ಸಾಮಾನ್ಯವಾಗಿ ಹತ್ತು ತಿಂಗಳು ನಿಂತು ಹೊರಟುಬಿಡುತ್ತದೆ. ಆಮೇಲೆ ತೊಂದರೆಯಾದ ರೋಗಿ ಯಾರ ಬಾಗಿಲು ತಟ್ಟಬೇಕು ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಸಂಸ್ಥೆಗೂ ಅದು ಗೊತ್ತು. ಅದಕ್ಕೇ ಸ್ಥಳೀಯ ಡಾಕ್ಟರು, ಅರಿವಳಿಕೆ ತಜ್ಞರು, ನರ್ಸುಗಳು, ಯಂತ್ರ ರಿಪೇರಿಯವರು ಎಲ್ಲರಿಗೂ ತರಬೇತಿ ಕೊಡುತ್ತದೆ. ಮತಾಂತರದ ಮಾತಿಗೆ ಇಷ್ಟು ಸಾಕು: ಇದು ಕ್ರೈಸ್ತರ ಹಡಗು, ಅದನ್ನು ಅವರು ಮುಚ್ಚಿಡುವುದಿಲ್ಲ. ಹಡಗಿನೊಳಗೆ ಪ್ರಾರ್ಥನೆ ನಡೆಯುತ್ತದೆ. ಆದರೆ ರೋಗಿಯನ್ನು ಆರಿಸುವಾಗ ಧರ್ಮ ಕೇಳುವುದಿಲ್ಲ. ಸಂಸ್ಥೆಯ ಗ್ಲೋಬಲ್ ಮರ್ಸಿ ಹಡಗು ಮೊದಲು ಕೆಲಸ ಮಾಡಿದ ಡಾಕರ್ ಬಂದರು ಇರುವ ಸೆನೆಗಲ್ ಬಹುಪಾಲು ಮುಸ್ಲಿಮರ ದೇಶ. 2023ರಲ್ಲಿ ಅದು ಹೋದ ಸಿಯೆರಾ ಲಿಯೋನ್ ಕೂಡ ಹಾಗೆಯೇ. ಎರಡೂ ಕಡೆ ಸರ್ಕಾರಗಳೇ ಒಪ್ಪಂದ ಮಾಡಿಕೊಂಡು ಕರೆಸಿಕೊಂಡವು.

ಇನ್ನು ಆ ಎಣ್ಣೆಯ ವಿಚಾರ. ದಕ್ಕೆಗೆ ಹಗ್ಗ ಕಟ್ಟಿ ನಿಂತ ಹಡಗಿನಲ್ಲಿ ಇಂಜಿನ್‌ನವರಿಗೆ ಏನು ಕೆಲಸ ಎಂದು ನಿಮ್ಮಂತೆ ಅನೇಕರು ಕೇಳುತ್ತಾರೆ. ದೊಡ್ಡ ಇಂಜಿನ್ ನಿಂತಿರುತ್ತದೆ, ನಿಜ. ಜನರೇಟರ್ ನಿಲ್ಲುವುದಿಲ್ಲ. ಗ್ಲೋಬಲ್ ಮರ್ಸಿ 2021ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ತಯಾರಾದ, 174 ಮೀಟರ್ ಉದ್ದದ, 12 ಮಜಲಿನ ಹಡಗು. ಆರು ಆಪರೇಷನ್ ಥಿಯೇಟರು, ಸುಮಾರು 200 ಹಾಸಿಗೆ. ಅಲ್ಲಿನ ದೀಪ, ಎ.ಸಿ., ಆಮ್ಲಜನಕ, ಉಪಕರಣಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಆಟೊಕ್ಲೇವ್, ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಎಲ್ಲವನ್ನೂ ಹೊತ್ತು ನಿಂತಿರುವುದು ಕೆಳಗಿನ ಜನರೇಟರುಗಳೇ. ಅವು ತಣ್ಣಗಿರಬೇಕಾದರೆ ಸಮುದ್ರದ ನೀರು ಬರುತ್ತಲೇ ಇರಬೇಕು. ಬಂದರಿನ ನೀರು ಹೇಗಿರುತ್ತದೆ ಎಂದು ಮಲ್ಪೆಯ ಹತ್ತಿರ ಇರುವ ನಿಮಗೆ ಹೇಳಬೇಕಿಲ್ಲ: ಪ್ಲಾಸ್ಟಿಕ್ ಚೀಲ, ಬಲೆಯ ತುಂಡು, ಅಂಬಲಿ ಮೀನು (ಜೆಲ್ಲಿಫಿಶ್), ಕಸಕಡ್ಡಿ. ಪೈಪಿನೊಳಗೇ ಬೆಳೆಯುವ ಚಿಪ್ಪುಗಳು ಬೇರೆ.

ಇವೆಲ್ಲ ಬಂದು ಸೇರುವುದು ಸ್ಟ್ರೇನರ್ ಎಂಬ ಜಾಲರಿ ಬುಟ್ಟಿಯಲ್ಲಿ. ಅದು ಕಟ್ಟಿಕೊಂಡರೆ ಮೊದಲು ಪಂಪಿನ ಒತ್ತಡ ಕುಸಿಯುತ್ತದೆ. ಆಮೇಲೆ ಸುಮಾರು 80 ಡಿಗ್ರಿಯಲ್ಲಿರಬೇಕಾದ ಜನರೇಟರಿನ ನೀರಿನ ತಾಪ ಮೇಲೇರುತ್ತದೆ, 90 ದಾಟಿದರೆ ಅಲಾರಂ ಹೊಡೆಯುತ್ತದೆ, ಇನ್ನೂ ಏರಿದರೆ ಯಂತ್ರ ತಾನೇ ನಿಂತುಬಿಡುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ನಿಮ್ಮ ಶಿಷ್ಯನಂಥವನ ಕೆಲಸ. ಜೋಡಿ ಸ್ಟ್ರೇನರ್ ಇದ್ದರೆ ಮೊದಲು ಸ್ವಚ್ಛವಾದದ್ದಕ್ಕೆ ನೀರು ತಿರುಗಿಸಬೇಕು. ಕೊಳಕಾದದ್ದರ ಎರಡೂ ಬದಿಯ ವಾಲ್ವ್ ಮುಚ್ಚಬೇಕು. ಮುಚ್ಚಿದೆ ಎಂದು ನಂಬಿ ಬೋಲ್ಟ್ ಪೂರ್ತಿ ಬಿಚ್ಚುವಂತಿಲ್ಲ. ಕೆಳಗಿನ ಡ್ರೇನ್ ಕಾಕ್ ತೆರೆದು ನೀರು ಸುರಿದು ನಿಲ್ಲುವುದನ್ನು ಕಣ್ಣಾರೆ ನೋಡಬೇಕು. ನಿಲ್ಲದಿದ್ದರೆ ಒಳಗಿನ ವಾಲ್ವ್ ಸರಿಯಾಗಿ ಕೂತಿಲ್ಲ, ಮುಚ್ಚಳ ತೆಗೆದರೆ ಸಮುದ್ರವೇ ಒಳಗೆ. ಆಮೇಲೆ ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿ, ಮುಚ್ಚಳ ಮಿಸುಕಿಸಿ, ಒತ್ತಡವಿಲ್ಲ ಎಂದು ಖಾತ್ರಿ ಮಾಡಿಕೊಂಡು ಬುಟ್ಟಿ ಎತ್ತಬೇಕು. ಜಾಲರಿ ತೂತಾಗಿದೆಯೇ, ರಬ್ಬರ್ ರಿಂಗ್ ಸೀಳಿದೆಯೇ, ತುಕ್ಕು ತಡೆಯಲು ಹಾಕಿದ ಸತುವಿನ ತುಂಡು ಕರಗಿಹೋಗಿದೆಯೇ ನೋಡಬೇಕು. ತಿರುಗಿ ಮುಚ್ಚಿದ ಮೇಲೆ ಮೇಲಿನ ಕಾಕ್ ತೆರೆದು ಗಾಳಿ ಬಿಡಬೇಕು. ಹೊಸಬರು ಎಡವುವುದು ಇಲ್ಲೇ. ಗಾಳಿ ಬಿಡದೆ ಹಾಗೇ ಲೈನಿಗೆ ಹಾಕಿದರೆ ಪಂಪು ಗಾಳಿ ನುಂಗಿ ನೀರೆತ್ತುವುದನ್ನೇ ಬಿಡುತ್ತದೆ.

ಬಿಟ್ಟರೆ ಏನಾಗುತ್ತದೆ? ಮೇಲೆ, ದವಡೆಯ ಗೆಡ್ಡೆ ತೆಗೆಯುವ ಆಪರೇಷನ್ ನಡೆಯುತ್ತಿರುತ್ತದೆ. ಅಮಿಲೊಬ್ಲಾಸ್ಟೋಮ ಎಂಬ ಈ ಗೆಡ್ಡೆ ಕ್ಯಾನ್ಸರಲ್ಲ, ಆದರೆ ತೆಗೆಯದೆ ಬಿಟ್ಟರೆ ಮುಖದಷ್ಟೇ ಬೆಳೆದು ಉಣ್ಣಲು, ಉಸಿರಾಡಲು ಬಿಡುವುದಿಲ್ಲ. ತೆಗೆಯಲು ಗಂಟೆಗಟ್ಟಲೆ ಬೇಕು. ಕರೆಂಟು ಹೋದರೆ ತುರ್ತು ಜನರೇಟರ್ 45 ಸೆಕೆಂಡಿನೊಳಗೆ ಹೊರೆ ಹೊರಬೇಕೆಂದು ಅಂತರರಾಷ್ಟ್ರೀಯ ಕಾಯ್ದೆಯಿದೆ. ಆ 45 ಸೆಕೆಂಡು ಥಿಯೇಟರ್ ನಡೆಯುವುದು ಬ್ಯಾಟರಿಯ ಮೇಲೆ. ಬ್ಯಾಟರಿ ಸರಿಯಿದೆಯೇ, ತುರ್ತು ಜನರೇಟರ್ ಹತ್ತುತ್ತದೆಯೇ ಎಂದು ತಪ್ಪದೆ ಚಾಲು ಮಾಡಿ ನೋಡುವವನೂ ಅದೇ ಎಣ್ಣೆ ಬಟ್ಟೆಯವನು. ಡಾಕರ್‌ನಲ್ಲಿ ಹಾರ್ಮಟಾನ್ ಗಾಳಿ ಸಹಾರಾದ ಧೂಳು ಹೊತ್ತು ಬೀಸುವಾಗ ಎ.ಸಿ.ಯ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬದಲಿಸದಿದ್ದರೆ ಥಿಯೇಟರಿನೊಳಗಿನ ಗಾಳಿಯ ಒತ್ತಡ ಇಳಿದು, ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿ ಒಳನುಗ್ಗುತ್ತದೆ. ಸರ್ಜನ್ ಎಷ್ಟೇ ನುರಿತವನಾದರೂ ಗಾಯ ಕೀವಾಗುವುದನ್ನು ಆಗ ತಡೆಯಲಾರ.

ನೀರಿನ ಕಥೆಯೂ ಹೀಗೆಯೇ. ಹಡಗು ಸಮುದ್ರದ ನೀರಿನಿಂದ ಸಿಹಿನೀರು ಮಾಡಿಕೊಳ್ಳುತ್ತದಲ್ಲ ಎನ್ನುತ್ತೀರಿ. ನಡುಗಡಲಲ್ಲಿ ಸರಿ. ದಡದ ಹತ್ತಿರ ಆ ಯಂತ್ರ ಓಡಿಸುವಂತಿಲ್ಲ. ಅದರೊಳಗೆ ನಿರ್ವಾತದಲ್ಲಿ ನೀರು 100 ಡಿಗ್ರಿಗಿಂತ ಎಷ್ಟೋ ಕೆಳಗೇ ಕುದಿಯುವುದರಿಂದ ಬಂದರಿನ ಕೊಳಚೆಯ ರೋಗಾಣು ಸಾಯುವ ಭರವಸೆಯಿಲ್ಲ. ಹಾಗಾಗಿ ದಡದಿಂದ ನೀರು ತರಿಸಿ, ಕ್ಲೋರಿನ್ ಬೆರೆಸಿ, ಪರೀಕ್ಷೆ ಮಾಡಿ ಬಳಸಬೇಕು. ಹಡಗಿನವರಿಗೆ ಎರಡು ನಿಮಿಷದ ಸ್ನಾನದ ನಿಯಮ ಬಂದದ್ದು ಸುಮ್ಮನೆ ಅಲ್ಲ.

ನೀವು ಎಣಿಸಿರದ ಇನ್ನೊಂದು ವಿಷಯ: ಹಡಗಿನಲ್ಲಿ ದೊಡ್ಡ ರಕ್ತನಿಧಿ ಇಡಲಾಗುವುದಿಲ್ಲ, ಸಿಬ್ಬಂದಿಯೇ ರಕ್ತನಿಧಿ. ಗುಂಪು ಹೊಂದುವವರ ಹೆಸರು ಪಟ್ಟಿಯಲ್ಲಿರುತ್ತದೆ, ಬೇಕಾದಾಗ ಕರೆ ಬರುತ್ತದೆ. ಅಡುಗೆಯವನೋ ಮೋಟರ್‌ಮ್ಯಾನೋ ಬಂದು ಕೈ ಚಾಚುತ್ತಾನೆ. ಕೆಲಸ ಕೀಳೆಂದು ಆ ರಕ್ತವನ್ನು ಯಾರೂ ಬೇಡವೆನ್ನುವುದಿಲ್ಲ!

ಇಂಥ ಹಡಗುಗಳ ಚರಿತ್ರೆಯೇ ದುರಸ್ತಿಯ ಚರಿತ್ರೆ. ಮರ್ಸಿ ಶಿಪ್ಸ್‌ನ ಮೊದಲ ಹಡಗು ಅನಸ್ತಾಸಿಸ್ ಮೂಲತಃ 1953ರ ವಿಕ್ಟೋರಿಯಾ, ಇಟಲಿಯಿಂದ ಮುಂಬಯಿ ಮಾರ್ಗವಾಗಿ ಹಾಂಗ್‌ಕಾಂಗ್‌ಗೆ ಓಡಾಡುತ್ತಿದ್ದ ಪ್ರಯಾಣಿಕರ ಹಡಗು. ಸಂಸ್ಥೆ ಹುಟ್ಟುಹಾಕಿದ ಡಾನ್ ಸ್ಟೀವನ್ಸ್ ಮತ್ತು ಸಂಗಡಿಗರು 1978ರಲ್ಲಿ ಅದನ್ನು ಗುಜರಿ ಬೆಲೆಗೆ, ಸುಮಾರು 10 ಲಕ್ಷ ಡಾಲರಿಗೆ ಕೊಂಡರು. ಗ್ರೀಸ್‌ನಲ್ಲಿ ನಿಲ್ಲಿಸಿಕೊಂಡು ತಿಕ್ಕಿ ತೊಳೆದು ರಿಪೇರಿ ಮಾಡಿ ಅದು ಹೊರಟದ್ದು 1982ರಲ್ಲಿ. ಅಷ್ಟು ವರ್ಷ ಒಬ್ಬ ರೋಗಿಯೂ ಇಲ್ಲ, ಬರೀ ತುಕ್ಕು, ಪೈಪು, ಪೇಂಟು. ಅನಂತರ 25 ವರ್ಷ ದುಡಿದು, 2007ರಲ್ಲಿ ನಮ್ಮ ಗುಜರಾತಿನ ಅಲಂಗ್ ತೀರದಲ್ಲಿ ಒಡೆಸಿಕೊಂಡಿತು. ಅದರ ಜಾಗಕ್ಕೆ ಬಂದ ಆಫ್ರಿಕಾ ಮರ್ಸಿ ಡೆನ್ಮಾರ್ಕಿನಲ್ಲಿ ರೈಲು ಬೋಗಿಗಳನ್ನು ಸಾಗಿಸುತ್ತಿದ್ದ ಹಳೆಯ ಫೆರ್ರಿ. 1987ರ ಸುಮಾರಿಗೆ ಕೆಲವು ತಿಂಗಳಿಗೆಂದು ಬಂದ ಮುಖದ ಸರ್ಜನ್ ಗ್ಯಾರಿ ಪಾರ್ಕರ್ ಮೂವತ್ತು ವರ್ಷಕ್ಕೂ ಮಿಕ್ಕಿ ಹಡಗಿನಲ್ಲೇ ಉಳಿದುಬಿಟ್ಟರು. ಅವರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬರೆಯಲಿ. ಅಷ್ಟು ವರ್ಷ ಅವರ ತಲೆಯ ಮೇಲಿನ ದೀಪ ಉರಿಸಿದವರ ಬಗ್ಗೆ ಯಾರು ಬರೆದರು?

ಬಂದರಿನಿಂದ ಬಂದರಿಗೆ ಪುಸ್ತಕ ಮಾರುತ್ತ ಹೋಗುವ ಹಡಗುಗಳದ್ದೂ ಇದೇ ಕಥೆ. ಆಪರೇಷನ್ ಮೊಬಿಲೈಸೇಶನ್ ಎಂಬ ಕ್ರೈಸ್ತ ಸಂಸ್ಥೆಯ ಇಂಥ ಹಡಗು ದೂಲೋಸ್ ನೀರಿಗಿಳಿದದ್ದು 1914ರಲ್ಲಿ, ಟೈಟಾನಿಕ್ ಮುಳುಗಿ ಎರಡು ವರ್ಷಕ್ಕೆ. ರಿವೆಟ್ ಹೊಡೆದ ಆ ಹಡಗು 2009ರ ಕೊನೆಯವರೆಗೂ ಓಡಿತು. ತುಕ್ಕನ್ನು ಸುತ್ತಿಗೆಯಿಂದ ಕೆತ್ತಬೇಕು, ತಂತಿ ಬ್ರಷ್‌ನಿಂದ ಉಜ್ಜಬೇಕು, ಸಿಹಿನೀರಿನಿಂದ ಉಪ್ಪು ತೊಳೆಯಬೇಕು, ಒಣಗಿದ ಮೇಲೆ ಎರಡು ಕೋಟು ಪ್ರೈಮರ್, ಆಮೇಲೆ ಬಣ್ಣ. ತೊಳೆಯುವುದನ್ನು ಬಿಟ್ಟು ಉಪ್ಪಿನ ಮೇಲೇ ಬಣ್ಣ ಬಳಿದರೆ ಕೆಲವೇ ತಿಂಗಳಲ್ಲಿ ಗುಳ್ಳೆಯೆದ್ದು ಒಳಗೊಳಗೇ ತಗಡು ತಿಂದುಹೋಗುತ್ತದೆ. 95 ವರ್ಷ ಬಾಳಲು ಬೇರೆ ರಹಸ್ಯವೇನೂ ಇರಲಿಲ್ಲ. ಅದೇ ಸಂಸ್ಥೆಯ ಮೊದಲ ಹಡಗು ಲೋಗೋಸ್ 1988ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ತುದಿಯ ಬೀಗಲ್ ಕಾಲುವೆಯಲ್ಲಿ ಬಂಡೆಗೆ ಹತ್ತಿತು. ಮಕ್ಕಳೂ ಸೇರಿ ಸುಮಾರು 140 ಜನ ಲೈಫ್ ಬೋಟಿಗೆ ಇಳಿದರು, ಒಬ್ಬರೂ ಸಾಯಲಿಲ್ಲ. ಏಳು ಗಿಡ್ಡ ಸಿಳ್ಳೆ, ಒಂದು ಉದ್ದ ಸಿಳ್ಳೆ ಕೇಳಿದ ಕೂಡಲೇ ಎಲ್ಲಿಗೆ ಓಡಬೇಕೆಂದು ಮತ್ತೆ ಮತ್ತೆ ಡ್ರಿಲ್ ಮಾಡಿಸುತ್ತಾರಲ್ಲ, ಅದು ಉಪಯೋಗಕ್ಕೆ ಬರುವುದು ಇಂಥ ರಾತ್ರಿಯಲ್ಲಿ.

ನಿಮ್ಮ ಕರಾವಳಿಗೇ ಬರೋಣ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಮಂಗಳೂರ ಸಮಾಚಾರದ ಮೋಗ್ಲಿಂಗ್ ನಮಗೆ ಗೊತ್ತು, 1894ರ ನಿಘಂಟಿನ ಕಿಟ್ಟೆಲ್ ಗೊತ್ತು, ಗೊತ್ತಿರಬೇಕಾದ್ದೇ. ಆ ಮಿಷನ್ ನೇಕಾರರನ್ನೂ ಯಂತ್ರ ಬಲ್ಲವರನ್ನೂ ಕಳಿಸಿತ್ತು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಪ್ಲೆಬ್ಸ್ಟ್ ಮುದ್ರಣಯಂತ್ರದ ಕೆಲಸ ಬಲ್ಲವನು, ಮಗ್ಗದ ಕೆಲಸ ಬೆಳೆಸಿದ ಹಾಲರ್ ನೇಕಾರ. ಮಂಗಳೂರು ಹೆಂಚಿನ ಸೂರಿನಡಿ ಹುಟ್ಟಿ ಬೆಳೆದ ಎಷ್ಟು ಜನ ಪ್ಲೆಬ್ಸ್ಟ್ ಹೆಸರು ಕೇಳಿದ್ದಾರೆ? ನಿಮ್ಮ ಶಾಲೆಯ ಪಾಠದಲ್ಲಿತ್ತೇ?

ನಮ್ಮ ರೋಗ ಇದೇ. "ಕಾಯಕವೇ ಕೈಲಾಸ" ಎಂದು ಗೋಡೆಗೆ ಬರೆಸುತ್ತೇವೆ, ಆ ಗೋಡೆಯ ಹಿಂದಿನ ಪಾಯಿಖಾನೆ ತೊಳೆಯುವವನಿಗೆ ಚಹಾ ಬೇರೆ ಲೋಟದಲ್ಲಿ ಕೊಡುತ್ತೇವೆ. ಟ್ಯೂಬ್‌ಲೈಟಿನ ಮೇಲೆ ಬೆಳಕೇ ಬೀಳದ ಹಾಗೆ ದಾನಿಯ ಹೆಸರು ಬರೆಸುತ್ತೇವೆ, ಅದರ ಚೋಕ್ ಸುಟ್ಟರೆ ಬದಲಿಸಲು ಇನ್ನೂರು ರೂಪಾಯಿ ಕೊಡುವವರಿಲ್ಲ. ತಾಲೂಕು ಆಸ್ಪತ್ರೆಗಳಿಗೆ ಹೋಗಿ ನೋಡಿ: ದೀಪ ಬೆಳಗಿ, ಫೋಟೋ ತೆಗೆಸಿ ಕೊಟ್ಟ ಯಂತ್ರಗಳು ಒಂದು ಫ್ಯೂಸಿಗಾಗಿ, ಒಂದು ಸೆನ್ಸರಿಗಾಗಿ, ಮುಗಿದುಹೋದ ವಾರ್ಷಿಕ ನಿರ್ವಹಣೆಯ ಕರಾರಿಗಾಗಿ ಬಟ್ಟೆ ಹೊದ್ದು ಮಲಗಿವೆ. ಕೋವಿಡ್ ಕಾಲದ ವೆಂಟಿಲೇಟರುಗಳ ಗತಿ ನೀವೂ ಓದಿದ್ದೀರಿ. ನೆಲದ ಮೇಲೆ ಆಸ್ಪತ್ರೆ ಕಟ್ಟಬಾರದೇ ಎಂದಿರಿ. ಕಟ್ಟೋಣ. ನಡೆಸುವವರು ಯಾರು? ಬಯೋಮೆಡಿಕಲ್ ಟೆಕ್ನೀಷಿಯನ್ ಆಗುತ್ತೇನೆ ಎಂದ ಮಗನನ್ನು "ಅದ್ಯಾಕೆ, ಇಂಜಿನಿಯರಿಂಗ್ ಸೀಟು ಸಿಗಲಿಲ್ಲವಾ?" ಎಂದು ಕೇಳುವ ಊರು ನಮ್ಮದು.

ಹಡಗಿನಲ್ಲಿ ಎಲ್ಲವೂ ಚಂದ ಎಂದು ನಾನು ಹೇಳುತ್ತಿಲ್ಲ. ಒಂಟಿಯಾಗಿ ಹೋದವರಿಗೆ ಹಂಚಿಕೊಂಡ ಕ್ಯಾಬಿನ್, ಪರದೆಯ ಹಿಂದಿನ ಬಂಕು ಬಿಟ್ಟರೆ ಏಕಾಂತವಿಲ್ಲ. ನಾನಾ ದೇಶದವರು, ನಾನಾ ರುಚಿ. ಅನ್ನ ಸಾರಿನ ಆಸೆ ಬಿಡಬೇಕು. ಪಕ್ಕದವನು ಮೂರು ತಿಂಗಳಿಗೆ ಬಂದು ಸ್ನೇಹವಾಗುವಷ್ಟರಲ್ಲಿ ಹೊರಟಿರುತ್ತಾನೆ. ಅನೇಕರು ಸೋಲುವುದು ಕೆಲಸಕ್ಕಲ್ಲ, ಈ ವಿದಾಯಗಳಿಗೆ.

ಹುಡುಗನಿಗೆ ಕೆಲವು ಮಾತು ಹೇಳಿ. ತಿಂಗಳ ಖರ್ಚಿನ ಜೊತೆ ವಿಮಾನದ ಟಿಕೆಟು, ವಿಮೆ, ವೀಸಾ, ಹಿಂತಿರುಗಿದ ಮೇಲೆ ಕೆಲಸ ಸಿಗುವವರೆಗಿನ ಕೆಲವು ತಿಂಗಳು, ಎಲ್ಲ ಕೂಡಿಸಿ ಲೆಕ್ಕ ಹಾಕಲಿ. ಚರ್ಚಿನವರೋ ಸ್ನೇಹಿತರೋ ಕೊಡುತ್ತೇವೆಂದರೆ ಬಾಯಿಮಾತು ಸಾಲದು, ತಿಂಗಳಿಗೆ ಇಷ್ಟು ಎಂದು ಬರೆಸಿಕೊಳ್ಳಲಿ. ಸಿಡಿಸಿ (ನಾವಿಕರ ಸೇವಾ ಪುಸ್ತಕ) ಮತ್ತು ಪಾಸ್‌ಪೋರ್ಟಿನ ಅವಧಿ ನೋಡಿಕೊಳ್ಳಲಿ. ಬೆಂಕಿ ನಂದಿಸುವ ಮತ್ತು ಜೀವರಕ್ಷಣೆಯ ಸರ್ಟಿಫಿಕೇಟುಗಳಿಗೆ ಐದು ವರ್ಷಕ್ಕೊಮ್ಮೆ ಮರುತರಬೇತಿ ಬೇಕು. ಹಳದಿ ಜ್ವರದ ಲಸಿಕೆ ಹೊರಡಲು ಕನಿಷ್ಠ 10 ದಿನ ಮುಂಚೆ ಆಗಿರಬೇಕು, ಮಲೇರಿಯಾ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಲಿ. ಮುಂದಿನ ದರ್ಜೆಯ ಪರೀಕ್ಷೆ ಬರೆಯುವ ಮನಸ್ಸಿದ್ದರೆ, ತಿಂಗಳುಗಟ್ಟಲೆ ದಕ್ಕೆಯಲ್ಲಿ ನಿಂತ ಹಡಗಿನ ಸೇವೆ ಎಷ್ಟು ಲೆಕ್ಕಕ್ಕೆ ಸೇರುತ್ತದೆ ಎಂದು ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್‌ನಿಂದ ಮೊದಲೇ ತಿಳಿದುಕೊಳ್ಳಲಿ. ಎರಡು ವರ್ಷ ಕಳೆದ ಮೇಲೆ ತಿಳಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಪತ್ರದಲ್ಲಿ ಅವನನ್ನು "ಸದ್ಗುಣಿ, ವಿನಯಶೀಲ" ಎಂದು ಹೊಗಳಬೇಡಿ. ಓದುವವನಿಗೆ ಅದು ಏನನ್ನೂ ಹೇಳುವುದಿಲ್ಲ. ಹಿಡಿದ ಕೆಲಸ ಮುಗಿಸುತ್ತಾನೆಯೇ, ತಪ್ಪಾದರೆ ಮುಚ್ಚಿಡದೆ ಬಂದು ಹೇಳುತ್ತಾನೆಯೇ, ತನಗಿಂತ ಕಿರಿಯನು ತಿದ್ದಿದರೆ ಸೈರಿಸುತ್ತಾನೆಯೇ ಎಂಬುದನ್ನು ನೀವು ಶಾಲೆಯಲ್ಲಿ ಕಂಡ ಒಂದೆರಡು ಸಂಗತಿಯ ಸಮೇತ ಒಂದೇ ಪುಟದಲ್ಲಿ ಬರೆಯಿರಿ. ಇಂಗ್ಲಿಷಿನಲ್ಲಿರಲಿ, ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ.

— ಸಂ.