ಹಗ್ಗದ ಮೇಲಿನ ಲಂಗೋಟಿ ಎಣಿಸು

ಪ್ರಶ್ನೆ: ಅಕ್ಕಾ, ನಾವು ಧಾರವಾಡದವರು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಮಗಳಿಗೆ 22 ದಿನ. ಹುಟ್ಟಿದಾಗ 2 ಕೆ.ಜಿ. 900 ಗ್ರಾಂ ಇದ್ದಳು, ಮೊನ್ನೆ ತೂಗಿಸಿದಾಗ 3 ಕೆ.ಜಿ. 150. ಸಂಜೆ ಆರಕ್ಕೆ ಅಳಲು ಶುರು ಮಾಡಿದರೆ ಹತ್ತಾದರೂ ನಿಲ್ಲಿಸುವುದಿಲ್ಲ. ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ತರಿಸು ಅಂತ ಅತ್ತೆ. ಗ್ರೈಪ್ ವಾಟರ್ ಕೊಡು ಅಂತ ಅವ್ವ. ಪಕ್ಕದ ಮನೆ ಕಾಕು ಬಾಳಗುಟಿ ಅನ್ನೋ ಗಿಡಮೂಲಿಕೆ ಔಷಧಿ ತೇಯ್ದು ಜೇನಲ್ಲಿ ನೆಕ್ಕಿಸು ಅನ್ನುತ್ತಾರೆ. ಮಳೆಗೆ ಲಂಗೋಟಿಯೂ ಒಣಗುತ್ತಿಲ್ಲ. ಮುಂದಿನ ವಾರ ಅವ್ವ ಊರಿಗೆ ಹೊರಡುತ್ತಾಳೆ. ಭಯವಾಗುತ್ತಿದೆ.

ಉತ್ತರ: ನನ್ನ ಮಗಳ ವಯಸ್ಸಿನವಳು, ಏಕವಚನಕ್ಕೆ ಬೇಜಾರು ಮಾಡಿಕೊಳ್ಳಬೇಡ ತಂಗಿ. ಹಾಲು ಸಾಲುತ್ತಿದೆಯೋ ಇಲ್ಲವೋ ಅನ್ನೋದಕ್ಕೆ ಉತ್ತರ ನಿನ್ನ ಪತ್ರದಲ್ಲೇ ಇದೆ. ಮೊದಲ ವಾರ ಮಕ್ಕಳ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಬಂದರೆ ಸಾಕು. ನಿನ್ನ ಮಗಳು ಅದನ್ನೂ ದಾಟಿ 250 ಗ್ರಾಂ ಮುಂದೆ ಹೋಗಿದ್ದಾಳೆ. ಅನುಮಾನ ಬಂದರೆ ಅಳು ಎಣಿಸಬೇಡ, ಹಗ್ಗದ ಮೇಲಿನ ಲಂಗೋಟಿ ಎಣಿಸು. ದಿನಕ್ಕೆ ಆರು ಚೆನ್ನಾಗಿ ಒದ್ದೆಯಾದರೆ ಹಾಲು ಸಾಲುತ್ತಿದೆ.

ನನ್ನದೂ ಇದೇ ಕತೆ. 1984ರ ಜುಲೈ, ಪರೇಲಿನ ಚಾಳು, ಹತ್ತಡಿ ಖೋಲಿ. ಒಣಗದ ಲಂಗೋಟಿಗಳನ್ನು ಇಸ್ತ್ರಿ ಮಾಡಿ ಮಾಡಿ ಮನೆಯೆಲ್ಲ ಹಬೆ. ಆಗಲೇ ನಾನು ನರ್ಸು, ವಾರ್ಡಿನಲ್ಲಿ ಬೇರೆ ಬಾಣಂತಿಯರಿಗೆ ಬುದ್ಧಿ ಹೇಳುವವಳು! ಆದರೂ ಒಂದು ಸಂಜೆ ಅಳು ತಡೆಯಲಾರದೆ ಡಬ್ಬಿ ತರಿಸಿದೆ. ಹೊಟ್ಟೆ ತುಂಬಿದ ಮಗ ಎದೆ ಚೀಪುವುದು ಕಡಿಮೆ ಮಾಡಿದ, ಚೀಪದಿದ್ದರೆ ಹಾಲೂ ಕಡಿಮೆ. ಮತ್ತೆ ದಾರಿಗೆ ಬರಲು ಹತ್ತು ದಿನ ಹಿಡಿಯಿತು. ಅತ್ತೆಗೆ ಮಾತ್ರ 'ನಾನು ಹೇಳಿರಲಿಲ್ವಾ' ಅನ್ನೋಕೆ ಒಂದು ನೆಪ ಸಿಕ್ಕಿತು.

ಸಂಜೆ ಹೊತ್ತು ಮಕ್ಕಳು ಪದೇ ಪದೇ ಎದೆಗೆ ಬರುವುದು, ಬಿಡುವುದು, ಅಳುವುದು ಸಹಜ. ಆರು ವಾರದ ತನಕ ಇದು ಇನ್ನೂ ಜಾಸ್ತಿಯಾಗಬಹುದು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಗಂಡ ಲೋಕಲ್ಲಿನಿಂದ ಇಳಿದು ಬಂದಿದ್ದರೆ, ಕೈಕಾಲು ತೊಳೆದು ಮಗುವನ್ನು ಎದೆಗೆ ಒರಗಿಸಿಕೊಂಡು ಗ್ಯಾಲರಿಯಲ್ಲಿ ಅಡ್ಡಾಡಲಿ. ನೀನು ಅಷ್ಟರಲ್ಲಿ ಊಟ ಮುಗಿಸು.

ಗ್ರೈಪ್ ವಾಟರ್ ಬೇಡ. ಆರು ತಿಂಗಳವರೆಗೆ ನೀರೂ ಬೇಡ, ಎದೆಹಾಲಿನಲ್ಲೇ ನೀರಿದೆ. ಕಾಕು ಒಳ್ಳೆಯವರೇ, ಮುಖ ಮುರಿಯುವಂತೆ ಮಾತಾಡಬೇಡ, 'ಡಾಕ್ಟರ್ ಬೇಡ ಅಂದಿದ್ದಾರೆ' ಅಂತ ತಪ್ಪನ್ನು ನನ್ನಂಥವರ ತಲೆಗೆ ಕಟ್ಟು. ಜೇನಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರು. ಅದರಲ್ಲಿ ಒಂದು ರೋಗಾಣುವಿನ ಬೀಜ ಇರಬಹುದು, ಎಳೆಗರುಳಿನಲ್ಲಿ ಅದು ಬೆಳೆದು ವಿಷವಾಗುತ್ತದೆ. ಒಂದು ವರ್ಷ ತುಂಬುವವರೆಗೆ ಬೆರಳ ತುದಿಯಷ್ಟೂ ಬೇಡ. ಮಾಲಿಶ್ ಬಾಯಿ ಬರುತ್ತಿದ್ದರೆ ಬರಲಿ, ಕಿವಿ ಮೂಗಿಗೆ ಎಣ್ಣೆ ಬಿಡಲು ಬಿಡಬೇಡ. ಆ ಒಂದು ರೂಮಿನಲ್ಲಿ ಕಿಟಕಿ ಮುಚ್ಚಿ ಲೋಬಾನದ ಹೊಗೆಯನ್ನಂತೂ ಹಾಕಲೇಬೇಡ.

ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಹಾಲು ಕುಡಿಯದೆ ಸೊರಗಿದರೆ, ವಾಂತಿ ಹಸಿರಾದರೆ, ಲಂಗೋಟಿ ಒಣಗೇ ಉಳಿದರೆ ಬೆಳಗಾಗಲಿ ಅಂತ ಕಾಯಬೇಡ, ರಾತ್ರಿಯೇ ಡಾಕ್ಟರ ಹತ್ತಿರ ಹೋಗು. ನಿನಗೇ ಸುಮ್ನೆ ಅಳು ಬರುತ್ತಾ ಎರಡು ವಾರ ದಾಟಿದರೆ ಅದನ್ನೂ ಅವರಿಗೆ ಹೇಳು. ಮುಚ್ಚಿಡುವಂಥದ್ದೇನಲ್ಲ.

ಇನ್ನು ಅವ್ವ ಹೊರಡುವ ಮಾತು. ಅವಳು ರೈಲು ಹತ್ತುವ ಮೊದಲು ಎರಡು ಡಬ್ಬಿ ಅಂಟಿನುಂಡಿ ಕಟ್ಟಿಸಿಕೋ. ಒಂದು ಹಾಸಿಗೆಯ ಪಕ್ಕದಲ್ಲೇ ಇರಲಿ. ರಾತ್ರಿ ಎರಡು ಗಂಟೆಗೆ ಹಾಲು ಕುಡಿಸುವಾಗ ಆಗುವ ಹಸಿವಿದೆಯಲ್ಲ, ಅದು ಬಾಣಂತಿಗೆ ಮಾತ್ರ ಗೊತ್ತು.