ಸೆಕೆಂಡ್ ಹ್ಯಾಂಡ್ ದೊಡ್ಡ ಎಸ್‌ಯುವಿ: ಯಾವ ಎಂಜಿನ್, ಎಷ್ಟು ಚಕ್ರಕ್ಕೆ ಬಲ?

ಪ್ರಶ್ನೆ: ನಮ್ಮದು ಹರಿಹರ ತಾಲ್ಲೂಕಿನ ಮಲೇಬೆನ್ನೂರು ಕಡೆಯ ಕೃಷಿಕ ಕುಟುಂಬ, ಮನೆಯಲ್ಲಿ ಏಳು ಜನರಿದ್ದೇವೆ. ತಿಂಗಳಿಗೊಮ್ಮೆ ಬೆಂಗಳೂರಿಗೆ, ವಾರಕ್ಕೆರಡು ಸಲ ದಾವಣಗೆರೆಗೆ, ದಿನವೂ ತೋಟಕ್ಕೆ ಓಡಾಟವಿದೆ. ತೋಟದ ಕಡೆಗಿನ ಕೊನೆಯ ಎರಡು ಕಿ.ಮೀ. ನಾಲೆಯ ಏರಿಯ ಪಕ್ಕದ ಎರೆಮಣ್ಣಿನ ದಾರಿ. 18 ಲಕ್ಷ ರೂಪಾಯಿಯೊಳಗೆ ಹಳೆಯ ದೊಡ್ಡ ಎಸ್‌ಯುವಿ ಕೊಳ್ಳಬೇಕೆಂದಿದ್ದೇವೆ. ದಲ್ಲಾಳಿಯೊಬ್ಬರು ಮೂರು ಗಾಡಿಗಳನ್ನು ತೋರಿಸಿದ್ದಾರೆ: 1.6 ಲಕ್ಷ ಕಿ.ಮೀ. ಓಡಿರುವ 2014ರ ಟೊಯೊಟಾ ಫಾರ್ಚೂನರ್ 3.0 ಫೋರ್ ಬೈ ಫೋರ್ ಮ್ಯಾನುಯಲ್. 90 ಸಾವಿರ ಓಡಿರುವ 2018ರ ಫೋರ್ಡ್ ಎಂಡೆವರ್ 3.2 ಫೋರ್ ಬೈ ಫೋರ್ ಆಟೊಮ್ಯಾಟಿಕ್. 60 ಸಾವಿರ ಓಡಿರುವ 2019ರ ಮಹೀಂದ್ರ ಆಲ್ಟುರಸ್ ಜಿ4 ಟೂ ವೀಲ್ ಡ್ರೈವ್. ಇವುಗಳಲ್ಲಿ ಯಾವುದನ್ನು ನಂಬಬಹುದು?

ಉತ್ತರ: ಮೂರು ಗಾಡಿಗಳನ್ನು ಹೋಲಿಸುವ ಮುನ್ನ ಆ ಎರಡು ಕಿ.ಮೀ. ದಾರಿಯ ವಿಚಾರವನ್ನು ತೀರ್ಮಾನಿಸಿಕೊಳ್ಳೋಣ, ಏಕೆಂದರೆ ನಿಮ್ಮ ಆಯ್ಕೆಯ ಅರ್ಧ ಭಾಗ ಅಲ್ಲಿಯೇ ಮುಗಿದುಹೋಗುತ್ತದೆ. ನೆನೆದ ಎರೆಮಣ್ಣು ಟಯರಿನ ಗೀರುಗಳಲ್ಲಿ ತುಂಬಿಕೊಂಡರೆ ಟಯರು ನುಣ್ಣಗಾಗಿ, ಸುಮಾರು ಎರಡು ಟನ್ ತೂಕದ ಗಾಡಿಯ ಹಿಂದಿನ ಎರಡು ಚಕ್ರಗಳು ನಿಂತಲ್ಲೇ ತಿರುಗತೊಡಗುತ್ತವೆ. ಮಳೆಗಾಲದಲ್ಲಿ ಗಾಡಿಯನ್ನು ಡಾಂಬರು ರಸ್ತೆಯ ಬದಿಯಲ್ಲೇ ನಿಲ್ಲಿಸಿ, ಬೈಕಿನಲ್ಲೋ ಟ್ರ್ಯಾಕ್ಟರಿನಲ್ಲೋ ತೋಟಕ್ಕೆ ಹೋಗುವ ರೂಢಿ ನಿಮಗಿದ್ದರೆ ಫೋರ್ ಬೈ ಫೋರ್ ಬೇಕಿಲ್ಲ. ಅದರ ಹೆಚ್ಚುವರಿ ಭಾಗಗಳನ್ನು ವರ್ಷವಿಡೀ ಸಾಕುವ ಖರ್ಚು ಉಳಿಯುತ್ತದೆ. ಆದರೆ ನೀವು ದಿನವೂ ಹೋಗುವವರು. ಆದ್ದರಿಂದ ನಾಲ್ಕೂ ಚಕ್ರಕ್ಕೆ ಬಲ ಕೊಡುವ, ಲೋ ರೇಂಜ್ ಇರುವ ಗಾಡಿಯನ್ನೇ ನೋಡಿರಿ. ಲೋ ರೇಂಜ್ ಎಂದರೆ ನಿಮ್ಮ ಟ್ರ್ಯಾಕ್ಟರಿನಲ್ಲಿ ಹೈ–ಲೋ ಲಿವರ್ ಮಾಡುವ ಕೆಲಸವೇ: ವೇಗ ಇಳಿಯುತ್ತದೆ, ಎಳೆಯುವ ಶಕ್ತಿ ಏರುತ್ತದೆ. ಹೆದ್ದಾರಿಗೆಂದು ಮಾಡಿದ ಟಯರುಗಳನ್ನೇ ಹಾಕಿಕೊಂಡು ಹೋದರೆ ಫೋರ್ ಬೈ ಫೋರ್ ಕೂಡ ಎರೆಯಲ್ಲಿ ಹೂತುಕೊಳ್ಳುತ್ತದೆ ಎಂಬುದನ್ನು ಮಾರುವವರು ಯಾರೂ ಹೇಳುವುದಿಲ್ಲ; ಆಲ್ ಟೆರೇನ್ ಟಯರುಗಳ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿರಿ.

ಈ ಲೆಕ್ಕದಲ್ಲಿ ಆಲ್ಟುರಸ್ ಹೊರಗುಳಿಯುತ್ತದೆ. ಅದು ಕೆಟ್ಟ ಗಾಡಿಯಲ್ಲ. ಕೊರಿಯಾದ ಸ್ಯಾಂಗ್‌ಯಾಂಗ್ ರೆಕ್ಸ್ಟನ್‌ನ ರೂಪಾಂತರವಾದ ಅದರಲ್ಲಿ 2.2 ಲೀಟರ್ ಡೀಸೆಲ್ ಎಂಜಿನ್ನಿದೆ, ಮರ್ಸಿಡಿಸ್ ಮೂಲದ ಏಳು ಗೇರಿನ ಆಟೊಮ್ಯಾಟಿಕ್ ಇದೆ. ಆದರೆ ನಿಮಗೆ ತೋರಿಸಿದ್ದು ಹಿಂದಿನ ಚಕ್ರಗಳಿಗೆ ಮಾತ್ರ ಬಲವಿರುವ ಮಾದರಿ. ಮೇಲಾಗಿ 2018ರ ಕೊನೆಗೆ ಬಂದು 2022ರಲ್ಲಿ ನಿಂತುಹೋದ ಗಾಡಿಯಾದ್ದರಿಂದ ರಸ್ತೆಯಲ್ಲಿರುವುದು ಕೆಲವೇ, ಬಿಡಿಭಾಗಕ್ಕೆ ಕಾಯಬೇಕಾದೀತು.

ಉಳಿದ ಎರಡರ ಫೋರ್ ಬೈ ಫೋರ್ ವ್ಯವಸ್ಥೆಗಳು ಬೇರೆ ಬೇರೆ ಜಾತಿಯವು. 2009ರಿಂದ 2016ರವರೆಗೆ ನಮ್ಮಲ್ಲಿ ಮಾರಾಟವಾದ ಮೊದಲ ಪೀಳಿಗೆಯ ಫಾರ್ಚೂನರ್ ಫೋರ್ ಬೈ ಫೋರ್‌ನಲ್ಲಿ ನಾಲ್ಕು ಚಕ್ರಗಳಿಗೂ ಸದಾ ಬಲವಿರುತ್ತದೆ. ನಡುವೆ ಒಂದು ಡಿಫರೆನ್ಷಿಯಲ್ ಇರುವುದರಿಂದ ಒಣ ರಸ್ತೆಯ ತಿರುವುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ತಮ್ಮ ತಮ್ಮ ವೇಗದಲ್ಲಿ ತಿರುಗಬಲ್ಲವು. ಕೆಸರಿಗೆ ಇಳಿದಾಗ ಲಿವರಿನಿಂದ ಅದನ್ನು ಲಾಕ್ ಮಾಡಬೇಕು. 2016ರ ನವೆಂಬರಿನಲ್ಲಿ ಬಂದ ಎರಡನೇ ಪೀಳಿಗೆಯ ಫಾರ್ಚೂನರ್‌ನಲ್ಲಿ ಈ ನಡುವಿನ ಡಿಫರೆನ್ಷಿಯಲ್ ಇಲ್ಲ; ಬೇಕಾದಾಗ ಗುಂಡಿ ತಿರುಗಿಸಿ ಮುಂದಿನ ಚಕ್ರಗಳನ್ನು ಜೋಡಿಸಿಕೊಳ್ಳುವ ವ್ಯವಸ್ಥೆ ಅದು. ಅದನ್ನು ಒಣ ಡಾಂಬರಿನ ಮೇಲೆ ಜೋಡಿಸಿಕೊಂಡೇ ಓಡಿಸಿದವರ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಮತ್ತು ಜಾಯಿಂಟುಗಳು ಸೆಳೆತಕ್ಕೆ ಸಿಕ್ಕಿ ಸವೆದಿರುತ್ತವೆ. ಎಂಡೆವರ್ 3.2ರಲ್ಲಿ ಚಕ್ರದ ಹಿಡಿತವನ್ನು ನೋಡಿಕೊಂಡು ಎಲೆಕ್ಟ್ರಾನಿಕ್ಸ್ ತಾನೇ ಮುಂದಿನ ಚಕ್ರಗಳಿಗೆ ಬಲ ಹಂಚುತ್ತದೆ. ಲೋ ರೇಂಜ್ ಇದೆ, ಹಿಂದಿನ ಎರಡೂ ಚಕ್ರಗಳು ಒಟ್ಟಿಗೇ ತಿರುಗುವಂತೆ ಮಾಡುವ ಲಾಕ್ ಕೂಡ ಇದೆ. ಕೆಸರಿನಲ್ಲಿ ಮೂರರಲ್ಲಿ ಅದೇ ಮೇಲು. ಆದರೆ ಸೆನ್ಸರ್, ಮೋಟಾರುಗಳ ಮೇಲೆ ನಿಂತ ವ್ಯವಸ್ಥೆ ಕೈಕೊಟ್ಟರೆ ಮಲೇಬೆನ್ನೂರಿನಲ್ಲಿ ಸರಿಯಾಗುವುದಿಲ್ಲ, ಲಿವರಿನ ವ್ಯವಸ್ಥೆ ಬಹುಮಟ್ಟಿಗೆ ಸರಿಯಾದೀತು.

ಇನ್ನು ಎಂಜಿನ್. ಹಳೆಯ ಫಾರ್ಚೂನರ್‌ನ 3.0 ಲೀಟರ್ ಡಿ–4ಡಿ ಎಂಜಿನ್ 3 ಲಕ್ಷ ಕಿ.ಮೀ. ದಾಟಿಯೂ ಓಡುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಅದು ತಾನಾಗಿ ಓಡುವುದಿಲ್ಲ, ಎರಡು ಜಾಗದಲ್ಲಿ ಕಣ್ಣಿಟ್ಟಿರಬೇಕು. ಮೊದಲನೆಯದು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನಿನ ಚಲನೆಗೆ ಹೊಂದುವಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಪಟ್ಟಿ. ಈ ಎಂಜಿನ್ನಿನಲ್ಲಿ ಇರುವುದು ಚೈನ್ ಅಲ್ಲ, ಬೆಲ್ಟ್. ಸಾಮಾನ್ಯವಾಗಿ 1 ಲಕ್ಷದಿಂದ 1.5 ಲಕ್ಷ ಕಿ.ಮೀ.ಯೊಳಗೆ ಬದಲಿಸಬೇಕು. ಓಡುವಾಗ ಅದು ತುಂಡಾದರೆ ವಾಲ್ವುಗಳಿಗೆ ಪಿಸ್ಟನ್ ಬಡಿದು ಎಂಜಿನ್ ಬಿಚ್ಚುವ ಕೆಲಸ ಬರುತ್ತದೆ. ನಿಮಗೆ ತೋರಿಸಿದ ಗಾಡಿ 1.6 ಲಕ್ಷ ಓಡಿದೆ; ಬೆಲ್ಟ್ ಬದಲಿಸಿದ ಬಿಲ್ಲು ಕೇಳಿರಿ, ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ಭಾವಿಸಿ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬೆಲ್ಟಿನ ಎಚ್ಚರಿಕೆ ದೀಪವನ್ನು ಮೀಟರಿನಲ್ಲಿ ಆರಿಸಿಬಿಟ್ಟು ಮಾರುವವರಿದ್ದಾರೆ. ಎರಡನೆಯದು ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್. ಅದರ ಬುಡದಲ್ಲಿರುವ ತಾಮ್ರದ ವಾಷರು ಸೋರತೊಡಗಿದರೆ ಉರಿದ ಅನಿಲ ಒಳಗೆ ನುಗ್ಗಿ ಆಯಿಲಿನಲ್ಲಿ ಮಸಿ ಹೆಚ್ಚುತ್ತದೆ, ಆ ಮಸಿ ಆಯಿಲ್ ಹೀರುವ ಜಾಲರಿಯನ್ನು ಮುಚ್ಚಿದರೆ ಎಂಜಿನ್ನಿಗೆ ಆಯಿಲ್ ಸಿಗದೆ ಬೇರಿಂಗುಗಳು ಹೋಗುತ್ತವೆ. ಪಂಪ್‌ಸೆಟ್ಟಿಗೆಂದು ಡ್ರಮ್ಮಿನಲ್ಲಿ ಇಟ್ಟ ಡೀಸೆಲನ್ನು ಎಸ್‌ಯುವಿಗೂ ಸುರಿಯುವ ಅಭ್ಯಾಸ ನಮ್ಮ ಕಡೆ ಇದೆ. ಅದರಲ್ಲಿರುವ ನೀರು, ಕಸ ಇಂಥ ಎಂಜಿನ್ನುಗಳ ಇಂಜೆಕ್ಟರಿಗೆ ವಿಷ. ಹಿಂದಿನ ಮಾಲೀಕರು ಹಾಗೆ ಮಾಡುತ್ತಿದ್ದರೇ ಎಂದು ಸುಮ್ಮನೆ ವಿಚಾರಿಸಿ ನೋಡಿರಿ.

ಎಂಡೆವರ್‌ನ 3.2 ಲೀಟರ್ ಐದು ಸಿಲಿಂಡರಿನ ಎಂಜಿನ್ 200 ಪಿಎಸ್ ಶಕ್ತಿ, 470 ಎನ್ಎಂ ಟಾರ್ಕ್ (ಎಳೆಯುವ ಬಲ) ಕೊಡುತ್ತದೆ; ಏಳು ಜನ ಕುಳಿತು ಬೆಂಗಳೂರಿನತ್ತ ಹೊರಟಾಗ ಫಾರ್ಚೂನರ್‌ಗಿಂತ ಇದು ಸುಖ. ಟೈಮಿಂಗ್‌ಗೆ ಚೈನ್ ಇದೆ. ಆದರೆ ಆಯಿಲ್ ಬದಲಿಸುವಾಗ ಒಂದು ಎಚ್ಚರಿಕೆ ಬೇಕು: ಹಳೆಯ ಆಯಿಲನ್ನು ಬಸಿದು, ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಖಾಲಿ ಬಿಟ್ಟರೆ ಆಯಿಲ್ ಪಂಪು ಮತ್ತೆ ಆಯಿಲ್ ಎಳೆದುಕೊಳ್ಳದೆ ಹೋಗಬಹುದು. ಬಸಿಯಲು ಇಟ್ಟು ಟೀ ಕುಡಿಯಲು ಹೋಗುವ ಮೇಸ್ತ್ರಿಯ ಕೈಗೆ ಈ ಎಂಜಿನ್ ಕೊಡಬಾರದು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದ ಉತ್ಪಾದನೆ ನಿಲ್ಲಿಸುವುದಾಗಿ ಘೋಷಿಸಿತು. ಸರ್ವಿಸ್ ಮತ್ತು ಬಿಡಿಭಾಗಗಳ ಪೂರೈಕೆ ಮುಂದುವರಿದಿದೆಯಾದರೂ, ಗೇರ್‌ಬಾಕ್ಸಿನಂಥ ದೊಡ್ಡ ಕೆಲಸ ಬಂದಾಗ ಗಾಡಿ ಎಷ್ಟು ದಿನ ಗ್ಯಾರೇಜಿನಲ್ಲಿ ನಿಲ್ಲಬಹುದೆಂಬುದನ್ನು ಯೋಚಿಸಿಯೇ ಕೊಳ್ಳಬೇಕು. 2020ರಿಂದ ಬಂದ 2.0 ಲೀಟರ್ ಎಂಡೆವರ್‌ನ ಎಂಜಿನ್ ಇದಲ್ಲ; ಅದರಲ್ಲಿರುವುದು ಆಯಿಲಿನಲ್ಲೇ ಓಡುವ ಬೆಲ್ಟ್, ಹಾಗಾಗಿ ಅಗ್ಗದ ಆಯಿಲ್ ಹಾಕಿದ ಗಾಡಿಯ ಹತ್ತಿರ ಹೋಗಬೇಡಿರಿ.

ನನ್ನ ಅಭಿಪ್ರಾಯ ಕೇಳಿದರೆ, ಬೆಲ್ಟ್ ಮತ್ತು ಇಂಜೆಕ್ಟರುಗಳ ದಾಖಲೆ ಸರಿಯಾಗಿದ್ದರೆ ನಿಮಗೆ ಆ ಫಾರ್ಚೂನರ್ ಸೂಕ್ತ. ನಮ್ಮ ಜಿಲ್ಲೆಯಲ್ಲಿ ಫಾರ್ಚೂನರ್ ಎಂಬ ಹೆಸರಿಗೇ ಒಂದು ದರ ಕಟ್ಟುತ್ತಾರೆ, ಚುನಾವಣೆ ಹತ್ತಿರ ಬಂದರಂತೂ ಇನ್ನೂ ಏರಿಸುತ್ತಾರೆ. ಆ ದರಕ್ಕೆ ಬಗ್ಗದೆ, 18 ಲಕ್ಷದಲ್ಲಿ ಕನಿಷ್ಠ 2 ಲಕ್ಷವನ್ನು ಬೆಲ್ಟ್, ಟಯರು, ಇಂಜೆಕ್ಟರುಗಳಿಗೆ ಮೀಸಲಿಡಿರಿ. ದಾಖಲೆ ಇಲ್ಲದ ಫಾರ್ಚೂನರ್ ಮತ್ತು ಪೂರ್ತಿ ದಾಖಲೆಯಿರುವ ಎಂಡೆವರ್ ಎದುರಾದರೆ ನಾನು ಎಂಡೆವರ್ ಕಡೆಗೇ ಹೋಗುತ್ತೇನೆ.

ಪರೀಕ್ಷೆಗೆ ಬೆಳಿಗ್ಗೆಯೇ ಹೋಗಿರಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿರಿ. ನೀವು ಹೋಗುವ ಹೊತ್ತಿಗೆ ಬಾನೆಟ್ ಬಿಸಿಯಾಗಿದ್ದರೆ ಮರುದಿನ ಬರುತ್ತೇವೆ ಎಂದು ಹೇಳಿ ಬನ್ನಿರಿ. ಸ್ಟಾರ್ಟ್ ಆದ ಮೇಲೆ ಬಿಳಿ ಹೊಗೆ ನಿಲ್ಲದಿದ್ದರೆ ಅಥವಾ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ದಬದಬನೆ ಉಗುಳಿದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಬಳಿಕ ಗಾಡಿಯನ್ನು ಮಣ್ಣಿನ ಜಾಗಕ್ಕೆ ಒಯ್ದು ಲೋ ರೇಂಜಿಗೆ ಹಾಕಿಸಿರಿ. ವರ್ಷಗಟ್ಟಲೆ ಮುಟ್ಟದ ಲಿವರು ಬಿಗಿದುಕೊಂಡಿರುವುದುಂಟು. ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ನಿಮ್ಮ ನಂಬಿಕೆಯ ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ ಟ್ರಾನ್ಸ್‌ಫರ್ ಕೇಸ್, ಮುಂದಿನ ಹಾಗೂ ಹಿಂದಿನ ಡಿಫರೆನ್ಷಿಯಲ್‌ಗಳ ಆಯಿಲ್ ನೋಡಿಸಿರಿ. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಕಾರ್ಪೆಟ್ಟಿನ ಅಡಿಯಲ್ಲಿ, ಚಾಸಿಸ್ಸಿನ ಸಂದುಗಳಲ್ಲಿ ನುಣುಪಾದ ಕೆಂಪು ಧೂಳು ಕಂಡರೆ ಆ ಗಾಡಿ ಗಣಿಯ ಕಡೆ ದುಡಿದಿರಬಹುದು. ಆ ಧೂಳು ಎಂಜಿನ್ನಿನೊಳಗೂ ಹೋಗಿದೆಯೇ ಎಂದು ತಿಳಿಯಲು ಏರ್ ಫಿಲ್ಟರಿನಾಚೆಯ ಪೈಪನ್ನೂ ಬಿಚ್ಚಿಸಿ ನೋಡಿರಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮ ಅಂಗಡಿಯಿದೆ, ಓಡಾಟವೆಲ್ಲ ಊರೊಳಗೆ. ಎರಡು ತಿಂಗಳಿಗೊಮ್ಮೆ ಮಾತ್ರ ಹೆದ್ದಾರಿ ಹಿಡಿಯುತ್ತೇವೆ. ಹಳೆಯ ಫಾರ್ಚೂನರ್ ಪೆಟ್ರೋಲ್ ಕೊಳ್ಳಬಹುದೇ, ಅಥವಾ 2021ರ ಡೀಸೆಲ್ ನೋಡಬೇಕೇ?

ಉತ್ತರ: ನಿಮ್ಮ ಬಳಕೆಗೆ ಪೆಟ್ರೋಲೇ ಸರಿ. 2.7 ಲೀಟರಿನ ಆ ಎಂಜಿನ್ನಿಗೆ ಟರ್ಬೊ ಇಲ್ಲ, ಟೈಮಿಂಗ್‌ಗೆ ಚೈನ್ ಇದೆ. ಕೆಡುವ ಭಾಗಗಳೇ ಕಡಿಮೆ. ಪೆಟ್ರೋಲು ಧಾರಾಳವಾಗಿ ಕುಡಿಯುತ್ತದೆ, ಆದರೆ ನಿಮ್ಮ ಓಡಾಟ ಕಡಿಮೆ. 2020ರ ಏಪ್ರಿಲ್ 1ರಿಂದ ಹೊಗೆಯ ಮಿತಿಯ ನಿಯಮವಾದ ಬಿಎಸ್6 ಕಡ್ಡಾಯವಾದ ಮೇಲೆ ಬಂದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದು ಆ ಮಸಿಯನ್ನು ಸುಟ್ಟುಕೊಳ್ಳಬೇಕಾದರೆ ಆಗಾಗ ಹೆದ್ದಾರಿಯ ಓಟ ಬೇಕು. ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ಪೆಟ್ರೋಲ್ ಫಾರ್ಚೂನರ್ ನಮ್ಮಲ್ಲಿ ಟೂ ವೀಲ್ ಡ್ರೈವ್ ಆಗಿಯೇ ಬಂದಿದೆ, ನಿಮಗೆ ಅದೇನೂ ಕೊರತೆಯಲ್ಲ.

ಪ್ರಶ್ನೆ: ದೆಹಲಿಯಿಂದ ಬಂದ ಒಂಬತ್ತು ವರ್ಷದ ಡೀಸೆಲ್ ಎಸ್‌ಯುವಿ ಇಲ್ಲಿಯದಕ್ಕಿಂತ ಬಹಳ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲೇ? (ಹಿರಿಯೂರಿನ ಓದುಗರು)

ಉತ್ತರ: ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ದೆಹಲಿಯಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇರಿದ, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ನಿರ್ಬಂಧದಿಂದಾಗಿಯೇ ಅಲ್ಲಿನ ಗಾಡಿಗಳ ಬೆಲೆ ಬಿದ್ದದ್ದು, ಅಗ್ಗವೆಂಬ ಮಾತ್ರಕ್ಕೆ ಕೆಟ್ಟದ್ದೆಂದು ತಿಳಿಯಬೇಕಿಲ್ಲ. ಆದರೆ ನಗರದ ದಟ್ಟಣೆಯಲ್ಲಿ ತೆವಳಿದ ಡೀಸೆಲ್ ಎಂಜಿನ್ನಿನ ಇಜಿಆರ್ ವಾಲ್ವ್ (ಉರಿದ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಭಾಗ) ಮತ್ತು ಗಾಳಿ ಒಳಹೋಗುವ ಇನ್‌ಟೇಕಿನಲ್ಲಿ ಮಸಿ ಗಟ್ಟಿಯಾಗಿ ಕಟ್ಟಿರುತ್ತದೆ, ಕಿ.ಮೀ. ಕಡಿಮೆ ತೋರಿಸಿದರೂ ಎಂಜಿನ್ ಓಡಿದ ಗಂಟೆಗಳು ಹೆಚ್ಚಿರುತ್ತವೆ. ಅದನ್ನು ಬಿಚ್ಚಿ ಶುಚಿಮಾಡಿಸುವ ಖರ್ಚನ್ನೂ, ಇಲ್ಲಿ ಮರುನೋಂದಣಿ ಮಾಡಿಸುವಾಗ ಕಟ್ಟಬೇಕಾದ ಆಜೀವ ತೆರಿಗೆಯನ್ನೂ ಬೆಲೆಗೆ ಕೂಡಿಸಿ ನೋಡಿದರೆ ಲಾಭ ಬಹಳಷ್ಟು ಕರಗುತ್ತದೆ. ದೆಹಲಿಯ ಆರ್‌ಟಿಒ ಕೊಟ್ಟ ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ, ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆಸುವವರೆಗೆ, ಮುಂಗಡದ ಆಚೆಗೆ ಹಣ ಕೊಡಬೇಡಿರಿ.