ಸಾಧಾರಣ ರೇಸ್ ಕುದುರೆಗೆ ಸತತ ಗೆಲುವಿನ ದಾಖಲೆ ಸಲ್ಲಬೇಕಾ?

ಖಂಡಿತ ಸಲ್ಲಬೇಕು. ಅಮೆರಿಕದ ರ‍್ಯಾಪಿಡ್ ರಿಡಕ್ಸ್ ಕುದುರೆಯನ್ನೇ ನೋಡಿ. 2010ರಲ್ಲಿ ಅದನ್ನು ಕೊಂಡಿದ್ದು ಬರೀ 6,250 ಡಾಲರ್‌ಗೆ. ಆಮೇಲೆ ಅದು ಸತತ 22 ರೇಸ್ ಗೆದ್ದಿತು. 2011ರಲ್ಲಂತೂ 19 ಓಟ, 19 ಗೆಲುವು. ಟ್ರಿಪಲ್ ಕ್ರೌನ್ (ಅಮೆರಿಕದ ಮೂರು ದೊಡ್ಡ ರೇಸ್‌ಗಳು) ಗೆದ್ದ ಸೈಟೇಶನ್ ಕುದುರೆ ಕೂಡ 1948ರಲ್ಲಿ ಗೆದ್ದಿದ್ದು 19 ರೇಸೇ.

ತಕರಾರು ಏನಂದ್ರೆ, ರ‍್ಯಾಪಿಡ್ ರಿಡಕ್ಸ್ ಓಡಿದ್ದು ಹೆಚ್ಚಾಗಿ ಕಡಿಮೆ ಬೆಲೆಯ ಕುದುರೆಗಳಿಗೇ ಮೀಸಲಾದ ರೇಸ್‌ಗಳಲ್ಲಿ. ಘಟಾನುಘಟಿಗಳು ಎದುರಿಗೆ ಬರಲೇ ಇಲ್ಲ. ಅದು ನಿಜ. ಸೈಟೇಶನ್‌ಗೆ ಅದು ಸಮ ಅಂತ ನಾನೂ ಹೇಳಲ್ಲ.

ಆದರೆ ಲೆಕ್ಕ ಹಾಕಿ. ವರ್ಷಕ್ಕೆ 19 ಅಂದ್ರೆ ಸರಾಸರಿ 19 ದಿನಕ್ಕೊಂದು ಓಟ. ಕಾಲು ಉಳುಕಬಾರದು, ಮೇವು ಬಿಡಬಾರದು. ಗೇಟ್ ತೆರೆದಾಗ ಒಂದು ಕ್ಷಣ ತಡವಾದರೂ ಸರಣಿ ಮುರಿದು ಹೋಗಬಹುದು. ಅಷ್ಟು ದಿನ ಆ ಕುದುರೆಯನ್ನು ಗಟ್ಟಿಯಾಗಿ ಇಟ್ಟುಕೊಂಡವರ ದುಡಿಮೆ ಸುಮ್ನೆ ಆಗುವಂಥದ್ದಲ್ಲ.

ಆಸ್ಟ್ರೇಲಿಯಾದ ವಿಂಕ್ಸ್ ಕುದುರೆ ಸತತವಾಗಿ ಗೆದ್ದ 33ರಲ್ಲಿ 25 ಗ್ರೂಪ್ 1, ಅಂದ್ರೆ ಅತಿ ಮೇಲಿನ ದರ್ಜೆಯ ರೇಸ್‌ಗಳು. ಅದರ ತೂಕ ಜಾಸ್ತಿಯೇ. ದಾಖಲೆಯ ಪಕ್ಕದಲ್ಲಿ ರೇಸಿನ ದರ್ಜೆಯನ್ನೂ ಬರೆಯಲಿ, ಹೆಸರನ್ನು ಮಾತ್ರ ಅಳಿಸುವುದು ಬೇಡ.